ಅಕ್ಕನ ಗುರುತು

ನಮ್ಮನ್ನು ಗುಂಡಿಯವರು ಅನ್ನುತ್ತಾರೆ. ಹೆಸರು ಹಿಡಿದು ಕರೆದವರು ಕಡಿಮೆ. ಊರಿನವರ ಕಕ್ಕಸಿಗೆ ಗುಂಡಿ, ಸತ್ತ ದನಕ್ಕೆ ಗುಂಡಿ, ಸತ್ತ ಮನುಷ್ಯರಿಗೆ ಗುಂಡಿ, ಕಂಬಕ್ಕೆ ಗುಂಡಿ, ಗಿಡಕ್ಕೆ ಗುಂಡಿ. ಎಲ್ಲ ತೋಡಿದವರು ನಮ್ಮ ಅಜ್ಜಂದಿರು, ನಮ್ಮ ಅಪ್ಪಂದಿರು. ತೋಡಿ ಮುಗಿದ ಮೇಲೆ ದೂರ ಹೋಗಿ ನಿಲ್ಲಬೇಕು. ನಮ್ಮ ಭಾವ ಒಂದು ಗುಂಡಿಯೊಳಗೆ ಇಳಿದಿದ್ದಾಗ ಮಣ್ಣು ಕುಸಿಯಿತು. ತೋಡಿಸಿದವರು ಮರುದಿನ ಬೇರೆ ಆಳು ಕರೆಸಿ ಪಕ್ಕದಲ್ಲೇ ಇನ್ನೊಂದು ತೋಡಿಸಿದರು. ಅಕ್ಕ ಗಂಟು ಕಟ್ಟಿಕೊಂಡು ನನ್ನ ಹತ್ತಿರ ಬಂದಳು. ಅವತ್ತಿನಿಂದ ಮನೆಯಲ್ಲಿ ನಾವಿಬ್ಬರೇ.

ಇದು ಅಕ್ಕನ ಕಥೆ. ನಾನು ಸಮಾಧಾನದಿಂದ ಹೇಳುವವಳಲ್ಲ. ಸಮಾಧಾನ ಬೇಕಾದವರು ಊರಿನ ಬೆಳೆಗಾರರ ಸಂಘದ ಆಫೀಸಿಗೆ ಹೋಗಿ ಗೋಡೆಯ ಮೇಲಿನ ಫೋಟೋ ನೋಡಬಹುದು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ.

ನಮ್ಮ ಕಡೆ ಬೆಳೆಯುವುದು ವೆನಿಲಾ. ಐಸ್‌ಕ್ರೀಮಿಗೆ, ಕೇಕಿಗೆ ಹಾಕುತ್ತಾರಂತೆ. ನಾವು ತಿಂದಿಲ್ಲ. ಮರಕ್ಕೆ ಹಬ್ಬಿಸುವ ಬಳ್ಳಿ ಅದು. ಹೂವು ಬೆಳಗಿನ ಜಾವ ಅರಳುತ್ತದೆ, ಮಧ್ಯಾಹ್ನಕ್ಕೆ ಮುದುಡುತ್ತದೆ, ಮರುದಿನ ಉದುರುತ್ತದೆ. ಇಲ್ಲಿನ ಯಾವ ಜೇನೂ ಅದರ ಹತ್ತಿರ ಸುಳಿಯುವುದಿಲ್ಲ. ಮುದುಡುವ ಮೊದಲು ಮನುಷ್ಯರ ಕೈ ತಾಗಬೇಕು. ಎಡಗೈಯಲ್ಲಿ ಹೂವು ಹಿಡಿದು, ನಿಂಬೆ ಮುಳ್ಳಿನಿಂದ ಎಸಳು ಸೀಳಿ, ಒಳಗಿನ ಸಣ್ಣ ಪೊರೆ ಎತ್ತಿ, ಗಂಡಿನ ಪುಡಿಯನ್ನು ಹೆಬ್ಬೆರಳಿನಿಂದ ಹೆಣ್ಣಿನ ಭಾಗಕ್ಕೆ ಒತ್ತಬೇಕು. ಜಾಸ್ತಿ ಒತ್ತಿದರೆ ಹೂವು ಹರಿಯುತ್ತದೆ. ಒತ್ತದಿದ್ದರೆ ಕಾಯಿ ಕಟ್ಟುವುದಿಲ್ಲ. ಇದಕ್ಕೆ ನಾವು ಹೂ ಕೂಡಿಸುವುದು ಅನ್ನುತ್ತೇವೆ.

ಊರಿನ ಬಳ್ಳಿಗಳಿಗೆಲ್ಲ ಹೂ ಕೂಡಿಸುವವರು ನಮ್ಮ ಓಣಿಯ ಹೆಂಗಸರು. ಯಾರ ಹೊಸಿಲು ನಾವು ತುಳಿಯಬಾರದೋ ಅವರ ಹೂವಿನ ಹೊಟ್ಟೆಯೊಳಗೆ ನಮ್ಮ ಬೆರಳು ಹೋಗಬಹುದು. ಅದಕ್ಕೆ ಯಾರ ತಕರಾರೂ ಇಲ್ಲ. ನಮ್ಮ ಅಕ್ಕನ ಕೈ ತಾಗಿದ ಹೂವು ಹುಸಿ ಹೋಗುವುದಿಲ್ಲ ಅಂತ ಊರೇ ಹೇಳುತ್ತಿತ್ತು. ಅವಳನ್ನು ತಮ್ಮ ತೋಟಕ್ಕೆ ಮೊದಲು ಕರೆಸಿಕೊಳ್ಳಲು ಯಜಮಾನರು ಯಜಮಾನರೇ ಕಿತ್ತಾಡಿದ್ದಾರೆ. ಅಕ್ಕ ಪ್ರತಿ ಹೂವಿನ ಹತ್ತಿರವೂ ಮಾತಾಡುತ್ತಿದ್ದಳು. ಬೆರಳು ಒತ್ತಿ ತೆಗೆದ ಮೇಲೆ, "ಆಯ್ತು, ಆಯ್ತು, ಇನ್ನು ಮಲಗು" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಎಲ್ಲ ಹೂವಿಗೂ ಅನ್ನುತ್ತಾ ಹೋದರೆ ಸಂಜೆಯಾಗುತ್ತೆ ಅಂತ ಛೇಡಿಸುತ್ತಿದ್ದೆ. ಅವಳಿಗೆ ಸಂಜೆ ಆಗುತ್ತಿರಲಿಲ್ಲ, ನಮ್ಮೆಲ್ಲರಿಗಿಂತ ಮೊದಲು ಅವಳದೇ ಸಾಲು ಮುಗಿಯುತ್ತಿತ್ತು.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ಹಸಿರು ಕಾಯಿ ಬಳ್ಳಿಯಲ್ಲಿರುವಾಗ ಕಳ್ಳತನ ಜಾಸ್ತಿ. ಅದಕ್ಕೆ ಸಂಘದ ಪ್ರತಿ ಮನೆಗೂ ಒಂದು ಗುರುತು ಇದೆ. ಬಾಟಲಿಯ ಬಿರಡೆಗೆ ಸೂಜಿಮೊನೆ ಚುಚ್ಚಿ ಮುದ್ರೆ ಮಾಡಿಕೊಳ್ಳುತ್ತಾರೆ. ಅದನ್ನು ಕಾಯಿಯ ಮೈಗೆ ಒತ್ತುತ್ತಾರೆ. ಗಾಯ ಒಣಗಿ ಚುಕ್ಕೆಯಾಗುತ್ತದೆ. ಆಮೇಲೆ ಕಾಯಿಯನ್ನು ಬಿಸಿನೀರಿಗೆ ಹಾಕಿ, ಕಂಬಳಿ ಸುತ್ತಿ ಬೆವರಿಸಿ, ಒಣಗಿಸಿ ಕಪ್ಪಾಗಿಸಿದರೂ ಚುಕ್ಕೆ ಅಳಿಯುವುದಿಲ್ಲ. ಕಡಲಾಚೆಗೆ ಹೋದರೂ ಕಾಯಿ ತನ್ನ ಮನೆಯ ಗುರುತು ಹೊತ್ತುಕೊಂಡೇ ಹೋಗುತ್ತದೆ. ಸಂಘದ ಯಜಮಾನರದು ನಕ್ಷತ್ರದ ಗುರುತು. ಆ ನಕ್ಷತ್ರ ಬಿದ್ದ ಕಾಯಿಗಳನ್ನೆಲ್ಲ ಹೂವಿನಿಂದ ಕಾಯಿ ಮಾಡಿದವಳು ಅಕ್ಕ.

ಅಕ್ಕನಿಗೆ ಬೇಕಿದ್ದದ್ದು ಒಂದೇ. ತನ್ನ ಬಳ್ಳಿಯ ಕಾಯಿಗೆ ತನ್ನ ಗುರುತು ಒತ್ತಬೇಕು, ಅದು ಸಂಘದ ರಾಶಿಯಲ್ಲಿ ಉಳಿದವರ ಕಾಯಿಯ ಪಕ್ಕ ಕೂರಬೇಕು. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾರ ಹತ್ತಿರವೂ ಕೇಳಿದವಳಲ್ಲ.

ನಮಗೂ ಒಂದು ತುಂಡು ಜಮೀನಿದೆ. ಕಲ್ಲು ಇಳಿಜಾರು. ಮೇಲುಗಡೆ ಬೇಲಿಯಾಚೆ ದೊಡ್ಡ ತೋಟ, ಕಣ್ಣು ಹಾಯುವವರೆಗೆ ಒಬ್ಬರದೇ. ಕೆಳಗಡೆ ಊರಿನ ಸಣ್ಣ ರೈತರ ತೋಟಗಳು. ನಡುವೆ ನಾವು. ದೊಡ್ಡ ತೋಟದ ಕಾಲುವೆ ತೋಡಿದ್ದಕ್ಕೆ ನಮ್ಮ ಅಜ್ಜನಿಗೆ, ತಮಗೆ ಬೇಡವಾದ ಆ ತುಂಡನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿ ಮುಳ್ಳೂ ಮನಸ್ಸಿಲ್ಲದೆ ಬೆಳೆಯುತ್ತಿತ್ತು.

ಒಂದು ದಿನ ಮೇಡಂ ಬಂದರು. ಸಣ್ಣ ರೈತರಿಗೆ ಸಾವಯವ ಬೆಳೆ ಮಾಡಿಸುವ ಸಂಸ್ಥೆಯವರು. ಜೊತೆಗೆ ಸಂಘದ ಯಜಮಾನರು. ಅವರ ಹೊಟ್ಟೆ ಯಾವ ಸಭೆಗೂ ಅವರಿಗಿಂತ ಒಂದು ಹೆಜ್ಜೆ ಮೊದಲೇ ತಲುಪುತ್ತದೆ. ಅವತ್ತು ನಮ್ಮ ಅಂಗಳಕ್ಕೂ ಹಾಗೇ ತಲುಪಿತು. ನೀವೂ ಸಂಘಕ್ಕೆ ಸೇರಿ ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಗುಂಡಿಯವರನ್ನು ಸಂಘಕ್ಕೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ. ಮೇಡಂ ನಮ್ಮ ಕೊಡದ ನೀರು ಕೇಳಿ ಕುಡಿದರು. ಅವರು ಹೋದ ಮೇಲೆ ಅಕ್ಕ ಆ ಲೋಟವನ್ನು ತೊಳೆಯದೆ ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ವಿಷ ಹಾಕಬಾರದು, ಗೊಬ್ಬರದ ಮೂಟೆ ತರಬಾರದು, ಮಣ್ಣನ್ನು ಮಣ್ಣಿನಿಂದಲೇ ಬೆಳೆಸಬೇಕು ಅಂತ ಮೇಡಂ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಆಮೇಲಿನ ವರ್ಷಗಳು ನಮ್ಮ ಬೆನ್ನಿನ ಮೇಲೆ ಹೋದವು. ಇಳಿಜಾರಿನ ಕಲ್ಲು ಎತ್ತಿ ಒಡ್ಡು ಕಟ್ಟಿ ವೆನಿಲಾ ಬಳ್ಳಿ ನೆಟ್ಟೆವು. ಊರಿನ ಕೊಟ್ಟಿಗೆಗಳಿಂದ ಸಗಣಿ ತಲೆಯ ಮೇಲೆ ಹೊತ್ತು ತಂದೆವು. ಸಗಣಿಯ ನೀರು ಕುತ್ತಿಗೆಗೆ ಇಳಿದು, ಬೆನ್ನಿಗೆ ಇಳಿದು, ಅಲ್ಲೇ ಒಣಗುತ್ತಿತ್ತು. ತರಗೆಲೆ ಗುಡಿಸಿ ತಂದು ಬುಡಕ್ಕೆ ಹಾಸಿದೆವು. ಬಸವನಹುಳುಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸಿದೆವು. ಕಳೆಯನ್ನು ಮಂಡಿಯೂರಿ ಕಿತ್ತೆವು. ನನ್ನ ಮಂಡಿಯ ಚರ್ಮ ಹಿಮ್ಮಡಿಯ ಹಾಗಾಯಿತು. ಊರಿನವರ ಗೊಬ್ಬರದ ಗುಂಡಿಗಳನ್ನು ತೋಡಿದವರೂ ನಾವೇ. ಸಾವಯವ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಅದು ನಮ್ಮ ಓಣಿಯ ಹೆಂಗಸರ ಸೊಂಟ.

ಸಭೆಗಳಿಗೆ ಹೋಗುತ್ತಿದ್ದೆವು. ಬಾಗಿಲ ಹತ್ತಿರ ಕೂರುತ್ತಿದ್ದೆವು. ಅಕ್ಕ ಅದನ್ನೂ ದೊಡ್ಡದು ಅಂದುಕೊಂಡಳು. ಸಂಘದ ಮನೆಗಳೆಲ್ಲ ತಮ್ಮ ತಮ್ಮ ಗುರುತು ಮಾಡಿಕೊಳ್ಳಿ ಅಂತ ಹೇಳಿದ ದಿನ ಅವಳು ಎಲ್ಲಿಂದಲೋ ಒಂದು ಬಿರಡೆ ಹುಡುಕಿ ತಂದಳು. ಸೂಜಿ ಮುರಿದು ಮೊನೆಗಳನ್ನು ಚುಚ್ಚಿದಳು. ಐದು ಚುಕ್ಕೆ, ಕೈ ಬೆರಳಿನ ತುದಿಗಳ ಹಾಗೆ ಕಮಾನಾಗಿ. ಹೂವಿನ ಗುರುತು ಮಾಡಬಾರದಿತ್ತಾ ಅಂತ ಕೇಳಿದೆ. "ಹೂವು ಬಳ್ಳೀದು, ಕೈ ನಂದು" ಅಂದಳು. ಆ ಬಿರಡೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಳು.

ನಮ್ಮ ಬಳ್ಳಿ ಮೊದಲ ಸಲ ಮೊಗ್ಗು ಬಿಟ್ಟ ವರ್ಷ ಸಂಘದ ಆಳು ಬಂದ. ನಾಳೆ ಬೋರ್ಡು ನೆಡುತ್ತೇವೆ, ನಿಮ್ಮ ಕಡೆ ಒಂದು ಗುಂಡಿ ಬೇಕು ಅಂದ. ಬೋರ್ಡಿನಲ್ಲಿ 'ವಿಷಮುಕ್ತ ಬೆಳೆ ಇಲ್ಲಿಂದ ಶುರು' ಅಂತ ಬರೆಸಿದ್ದಾರಂತೆ. ಗುಂಡಿ ಎಲ್ಲಿ ಅಂತ ಅವನು ಹೇಳಲಿಲ್ಲ, ಅಕ್ಕ ಕೇಳಲಿಲ್ಲ. ಕೇಳುವುದೇನಿದೆ? ದೊಡ್ಡ ತೋಟದಲ್ಲಿ ವಿಷ. ಅದರ ಬೇಲಿ ದಾಟಿದರೆ ನಮ್ಮ ಬಳ್ಳಿ. ವಿಷ ಇಲ್ಲದ್ದು ಅಲ್ಲಿಂದ ತಾನೇ ಶುರು. ಅಕ್ಕ ಹಾರೆ ತಗೊಂಡು ಇಳಿಜಾರಿನ ತುತ್ತತುದಿಗೆ ಹೋದಳು. ಅಲ್ಲಿ ಬರೀ ಕಲ್ಲು. ಹಾರೆ ಬಿದ್ದಲ್ಲೆಲ್ಲ ಕಿಡಿ. ನಾನು ತೋಡುತ್ತೇನೆ ಕೊಡು ಅಂದರೆ ಕೊಡಲಿಲ್ಲ. ಜೀವಮಾನದಲ್ಲಿ ನಮ್ಮ ವಂಶದವರು ತಮಗಾಗಿ ತೋಡಿದ ಮೊದಲ ಗುಂಡಿ ಕಣೇ ಇದು ಅಂತ ಹೇಳಿ ನಕ್ಕಳು. ತೋಡಿ, ಒಳಗೆ ಕೈ ಹಾಕಿ ಗೋಡೆ ಸವರಿ ನುಣ್ಣಗೆ ಮಾಡಿದಳು.

ಮರುದಿನ ಯಜಮಾನರು, ಮೇಡಂ, ಬೋರ್ಡು ಹೊತ್ತ ಇಬ್ಬರು ಆಳುಗಳು ಕೆಳಗಿನಿಂದ ಹತ್ತಿ ಬಂದರು. ನಮ್ಮ ಜಮೀನಿನ ಕೆಳ ಅಂಚಿನಲ್ಲೇ ನಿಂತರು. ಅಲ್ಲಿಂದ ಮೇಲೆ ಬರಲಿಲ್ಲ. ಯಜಮಾನರು ನೆಲ ನೋಡಿ, ಇಲ್ಲಿ ಗುಂಡಿ ತೋಡಿಲ್ಲವಲ್ಲ, ಹೇಳಿ ಕಳಿಸಿದ್ದೆನಲ್ಲ ಅಂದರು. ಅಕ್ಕ ಮೇಲೆ ಕೈ ತೋರಿಸಿದಳು. ಅವರು ಅತ್ತ ನೋಡಿ, ಆಳುಗಳ ಮುಖ ನೋಡಿ, ನಕ್ಕರು. ಆಳುಗಳೂ ನಕ್ಕರು. ಮೇಡಂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ನಾನು ಅವರನ್ನೂ ಯಜಮಾನರ ಜೊತೆ ಸೇರಿಸಿ ಬಿಟ್ಟುಬಿಡುತ್ತಿದ್ದೆ.

ಮೇಡಂ ವಿವರಿಸಿದರು. ಔಷಧಿ ಹೊಡೆಯುವ ತೋಟಕ್ಕೂ ಸಾವಯವ ತೋಟಕ್ಕೂ ನಡುವೆ ಒಂದು ಪಟ್ಟಿ ಬಿಡಬೇಕಂತೆ. ಗಾಳಿಯಲ್ಲಿ ಬಂದ ವಿಷ ಆ ಪಟ್ಟಿಯಲ್ಲೇ ಬಿದ್ದು ನಿಲ್ಲಬೇಕಂತೆ. ಅದಕ್ಕೆ ಬಫರ್ ಅನ್ನುತ್ತಾರಂತೆ. ಅದರಲ್ಲಿ ಬೆಳೆದದ್ದನ್ನು ಸಾವಯವ ಅಂತ ಮಾರುವ ಹಾಗಿಲ್ಲ. ಗುರುತು ಒತ್ತಿ ಸಂಘದ ರಾಶಿಗೆ ಹಾಕುವ ಹಾಗಿಲ್ಲ. ನಮ್ಮ ಜಮೀನು ಪೂರ್ತಿ ಬಫರ್. ಮನೆಯೂ.

"ಮೇಡಂ, ನಾವು ಸಂಘದಲ್ಲಿ ಇದ್ದೀವಲ್ಲ" ಅಂದಳು ಅಕ್ಕ.

"ಇದ್ದೀರಮ್ಮ. ನೀವಿಲ್ಲದೆ ಯಾರಿಗೂ ಸರ್ಟಿಫಿಕೇಟ್ ಸಿಗ್ತಾನೇ ಇರ್ಲಿಲ್ಲ. ನಿಮ್ಗೆ ಇವ್ರು ಹೇಳಿರ್ತಾರೆ ಅನ್ಕೊಂಡಿದ್ದೆ."

"ನಾವು ಗೊಬ್ಬರದ ಮೂಟೆ ಹಾಕಿಲ್ಲ. ಒಂದು ಹನಿ ಔಷಧಿ ಹೊಡ್ದಿಲ್ಲ."

"ಗೊತ್ತು. ನೀವು ಹಾಕ್ಲೂಬಾರ್ದು. ನಿಯಮ ಹಾಗಿದೆ."

ಅಕ್ಕ, "ಹಾಗಾದ್ರೆ ಅವ್ರ ವಿಷ ನಮ್ಮ ಮೇಲೆ ಬೀಳ್ಲಿ ಅಂತ ನಮ್ಮನ್ನ ಸೇರಿಸ್ಕೊಂಡ್ರಾ?" ಅಂತ ಕೇಳಿದಳು. ಯಜಮಾನರು ಬಿಸಿಲು ಏರುತ್ತಿದೆ ಅಂದರು. ಗುಂಡಿ ಬೇಗ ಆಗಲಿ ಅಂದರು. ಆಳುಗಳು ಹಾರೆ ತಂದಿರಲಿಲ್ಲ. ಗುಂಡಿಯವರ ಮನೆಗೆ ಬರುವಾಗ ಹಾರೆ ಯಾಕೆ ತರುತ್ತಾರೆ?

ನಾನು ತೋಡಲ್ಲ ಅಂದೆ. ಅಕ್ಕ ತೋಡಿದಳು. ತಾನು ಯಾವ ಬೋರ್ಡಿನಿಂದ ಆಚೆ ಉಳಿಯಬೇಕೋ ಆ ಬೋರ್ಡಿಗೆ ಗುಂಡಿಯನ್ನು ನನ್ನ ಅಕ್ಕ ತನ್ನ ಕೈಯಿಂದ ತೋಡಿದಳು. ಈಗಲೂ ನನಗೆ ಊಟದ ನಡುವೆ ಅದು ನೆನಪಾದರೆ ತಟ್ಟೆ ಸರಿಸಿ ಏಳುತ್ತೇನೆ. ಮೇಡಂ ಕಣ್ಣೊರೆಸಿಕೊಂಡರು. ಅಕ್ಕ ಅವರಿಗೆ ಒಂದು ಲೋಟ ನೀರು ತರಲು ನನಗೆ ಹೇಳಿದಳು.

ಹೂವಿನ ಕಾಲ ಬಂತು. ದೊಡ್ಡ ತೋಟದವರು ಔಷಧಿ ಹೊಡೆಸುವುದು ಬೆಳಗಿನ ಜಾವ. ಆಗ ಗಾಳಿ ಕಡಿಮೆ. ಹೂವು ಅರಳುವುದೂ ಅದೇ ಹೊತ್ತಿಗೆ. ಅಕ್ಕ ಕತ್ತಲಿರುವಾಗಲೇ ಎದ್ದು ನಮ್ಮ ಮೇಲಿನ ಸಾಲಿನ ಹೂ ಕೂಡಿಸಿ, ಬಿಸಿಲು ಬರುವುದರೊಳಗೆ ಯಜಮಾನರ ತೋಟಕ್ಕೆ ಓಡಬೇಕು. ಔಷಧಿ ಹೊಡೆಯುವವರು ಹೋಗಲಿ ಅಂತ ಕಾದರೆ ಅಲ್ಲಿನ ಕೆಲಸ ತಪ್ಪುತ್ತದೆ. ಅಲ್ಲಿಗೆ ಮೊದಲು ಹೋದರೆ ನಮ್ಮ ಹೂವು ಮುದುಡುತ್ತದೆ. ಬೇಲಿಯಾಚೆ ಬೆನ್ನಿಗೆ ಔಷಧಿಯ ಡಬ್ಬ ಹೊತ್ತವರು, ಈಚೆ ಅಕ್ಕ. ಅವರೂ ಕೂಲಿಯವರೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಕ್ಕನ ಕಡೆ ನೋಡದೆ ಹೋಗುತ್ತಿದ್ದರು. ಹನಿ ಮಂಜಿನ ಹಾಗೆ ಬಂದು ಅವಳ ಕೂದಲ ಮೇಲೆ ಕೂರುತ್ತಿತ್ತು. ಎಷ್ಟು ಚೆನ್ನಾಗಿ ಬಫರ್ ಆದಳು ಅಂದರೆ, ಕೆಳಗಿನ ತೋಟದವರಿಗೆ ವಾಸನೆ ಕೂಡ ಹೋಗಲಿಲ್ಲ.

ದೊಡ್ಡ ತೋಟದವರಿಗೆ ಒಂದು ಮಾತು ಹೇಳಿ, ಹೂವಿನ ಕಾಲದಲ್ಲಿ ಮಾತ್ರ ಹೊತ್ತು ಬದಲಾಯಿಸಲಿ ಅಂತ ಅಕ್ಕ ಯಜಮಾನರ ಹತ್ತಿರ ಬೇಡಿಕೊಂಡಳು. ಅವರು ದೊಡ್ಡವರು, ನಾವು ಹೇಳಿದರೆ ಚೆನ್ನಾಗಿರಲ್ಲ ಅಂದರು. ನಮಗೆ ಹೇಳುವಾಗ ಮಾತ್ರ ಅವರಿಗೆ ಎಲ್ಲವೂ ಚೆನ್ನಾಗಿರುತ್ತಿತ್ತು.

ಮೊದಲು ಕಣ್ಣಲ್ಲಿ ನೀರು. ಆಮೇಲೆ ಬಾಯಲ್ಲಿ ಜೊಲ್ಲು. ನಾನು ಬಟ್ಟೆ ಕಟ್ಟಿಕೋ ಅಂದೆ, ಕಟ್ಟಿಕೊಂಡಳು. ಬಟ್ಟೆಯೇ ಒದ್ದೆಯಾಗುತ್ತಿತ್ತು. ಒಂದು ದಿನ ಅವಳು ಕೈಯಲ್ಲಿ ಲೋಟ ಹಿಡಿದಿದ್ದಾಗ ನೀರು ಅಲುಗಿತು. ಅವಳು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು. ನಾನು ನೋಡದವಳ ಹಾಗೆ ಒಲೆ ಊದಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕೈಯನ್ನು ಮೇಲೆ ಕೆಳಗೆ ಮಾಡಿಸಿ, ನರಕ್ಕೆ ಏಟು ಬಿದ್ದಿದೆ, ಔಷಧಿ ಹೊಡೆಯುವ ಜಾಗದಿಂದ ದೂರ ಇರಬೇಕು ಅಂದರು. ಇವಳು ಎಲ್ಲಿಗೆ ದೂರ ಹೋಗಬೇಕು ಅಂತ ಕೇಳಿದೆ. ಮುಂದಿನವರು ಬನ್ನಿ ಅಂದರು.

ಕೈ ನಿಲ್ಲಲಿಲ್ಲ. ಯಜಮಾನರ ತೋಟದಲ್ಲಿ ಅಕ್ಕನ ಮುಳ್ಳು ಹೂವನ್ನು ಹರಿಯತೊಡಗಿತು. ಒಂದು, ಇನ್ನೊಂದು, ಮತ್ತೊಂದು. ಅವಳು ಹರಿದ ಹೂವುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಮನೆಗೆ ತಂದಳು. ನೆಲಕ್ಕೆ ಬಿಟ್ಟರೆ ಯಾರಾದರೂ ನೋಡುತ್ತಾರಲ್ಲ. ಆದರೂ ನೋಡಿದರು. ಯಜಮಾನರ ಹೆಂಡತಿ ಸಾಲಿನ ತುದಿಯಲ್ಲಿ ನಿಂತು, ನಾಳೆಯಿಂದ ಬರಬೇಡ, ನಮ್ಮ ಬೆಳೆ ಹಾಳು ಅಂದಳು. ಯಾವ ಬೆಳೆಯನ್ನು ಇವಳ ಕೈ ಮಾಡಿತ್ತೋ ಆ ಬೆಳೆ. ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಬಂದಳು. ಅವತ್ತಿನಿಂದ ಅವಳು ಕೈಯನ್ನು ಹೊರಗೆ ಇಡಲಿಲ್ಲ. ಯಾರಾದರೂ ಬಂದರೆ ಕಂಕುಳಲ್ಲಿ. ಯಾರೂ ಇಲ್ಲದಿದ್ದರೂ ಕಂಕುಳಲ್ಲಿ.

ನಮ್ಮ ಬಳ್ಳಿಯ ಹೂವನ್ನು ಮಾತ್ರ ಬಿಡಲಿಲ್ಲ. ನನ್ನ ಕೈಗೆ ಕೊಡು ಅಂದರೆ ಕೊಡಲಿಲ್ಲ. ಬಹಳಷ್ಟು ಹರಿದವು. ಕೆಲವು ಕೂಡಿದವು. ಕೂಡಿದ್ದಕ್ಕೆ ಅವಳು ಅದೇ ಮಾತು ಹೇಳುತ್ತಿದ್ದಳು, ಆಯ್ತು, ಆಯ್ತು, ಇನ್ನು ಮಲಗು. ಹರಿದದ್ದಕ್ಕೂ ಅದನ್ನೇ ಹೇಳುತ್ತಿದ್ದಳು.

ಆ ಕಾಲ ಮುಗಿಯುವ ಮೊದಲೇ ತಪಾಸಣೆ ಬಂತು. ಸರ್ಟಿಫಿಕೇಟ್ ಕೊಡುವವರು, ಕಾಯಿ ಕೊಳ್ಳುವ ಕಂಪನಿಯವರು, ಕ್ಯಾಮೆರಾದವರು. ಹಿಂದಿನ ದಿನ ಯಜಮಾನರು ನಮ್ಮ ಅಂಗಳಕ್ಕೆ ಬಂದರು. ನಾಳೆ ನನ್ನ ತೋಟದಲ್ಲಿ ನೀನು ಹೂ ಕೂಡಿಸಿ ತೋರಿಸಬೇಕು, ಒಳ್ಳೆ ಬಟ್ಟೆ ಹಾಕಿಕೊಂಡು ಬಾ ಅಂತ ನನಗೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮಕ್ಕನ್ನ ಹೊರಗೆ ಬಿಡ್ಬೇಡ. ಆ ಕೈ ನೋಡಿದ್ರೆ ಏನೇನೋ ಕೇಳ್ತಾರೆ." ಅಕ್ಕ ಅಲ್ಲೇ ಬಾಗಿಲಲ್ಲಿ ಕೂತಿದ್ದಳು. ಅವಳು ಅಲ್ಲಿಲ್ಲ ಅನ್ನುವ ಹಾಗೆ ಹೇಳಿದರು.

ನಾನು ಬಾಯಿ ಬಿಡುವ ಮೊದಲೇ ಅಕ್ಕ, "ನಾನು ಒಳಗೇ ಇರ್ತೀನಿ ಯಜಮಾನ್ರೇ. ಇವ್ಳು ಬರ್ತಾಳೆ" ಅಂದಳು. ಅವರು ಹೋದ ಮೇಲೆ ನಾನು ಹೋಗಲ್ಲ ಅಂತ ಹಟ ಹಿಡಿದೆ. ಹೋಗು ಪುಟ್ಟಿ, ಹೂವು ಯಾರಿಗೂ ಕಾಯಲ್ಲ ಅಂದಳು. ಹೋದೆ.

ಬೆಳಕು ಹರಿಯುವ ಹೊತ್ತಿಗೇ ಯಜಮಾನರ ತೋಟದಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಸಾಲುಸಾಲಾಗಿ ನಿಂತಿದ್ದರು. ನನ್ನನ್ನು ಎಲ್ಲರ ಮುಂದಿನ ಮರಕ್ಕೆ ನಿಲ್ಲಿಸಿದರು. ತಪಾಸಣೆಯವರು ಬಂದರು. ಕ್ಯಾಮೆರಾ ನನ್ನ ಬೆರಳಿನ ಹತ್ತಿರ ಬಂತು. ಇವರು ನಮ್ಮ ಸಂಘದ ಸದಸ್ಯರೇ, ಇಲ್ಲಿ ಭೇದಭಾವ ಇಲ್ಲ ಅಂತ ಯಜಮಾನರು ಹೇಳುತ್ತಿದ್ದರು. ಮೇಡಂ ಹಿಂದೆ ನಿಂತಿದ್ದರು. ನಾನು ಎಡಗೈಯಲ್ಲಿ ಹೂವು ಹಿಡಿದೆ. ಆಗ ಚಿಕ್ಕಮ್ಮ ಓಡಿ ಬಂದಳು. ನಮ್ಮ ಪಕ್ಕದ ಮನೆಯವಳು, ಏದುಸಿರು ಬಿಡುತ್ತಿದ್ದಳು. ನನ್ನ ಕಿವಿಯಲ್ಲಿ ಹೇಳಿದಳು: ನೀನು ಇತ್ತ ಬಂದ ಮೇಲೆ ಸಂಘದ ಆಳು ಬಂದು ನಿಮ್ಮ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದು ಹೋದ. ಕಿಟಕಿಯಿಂದ ನೋಡಿದೆ, ನಿಮ್ಮಕ್ಕ ಗೋಡೆಗೆ ಒರಗಿ ಕೂತಿದ್ದಾಳೆ.

ಒಳಗೇ ಇರುತ್ತೇನೆ ಅಂತ ಅವಳು ಮಾತು ಕೊಟ್ಟಿದ್ದಳು. ಅವಳ ಮಾತೂ ಇವರಿಗೆ ಸಾಲಲಿಲ್ಲ.

ನನ್ನ ಕೈಯಲ್ಲಿ ಹೂವಿತ್ತು. ಬೆಳ್ಳಗೆ, ಸ್ವಲ್ಪ ಹಳದಿ, ತಣ್ಣಗೆ. ನಾನು ಯಜಮಾನರ ಕಡೆ ತಿರುಗಿದೆ.

"ನಮ್ಮಕ್ಕನ್ನ ಒಳಗೆ ಹಾಕಿ ಬೀಗ ಹಾಕ್ಸಿದ್ದು ಯಾರು?"

ಅವರು ನಕ್ಕರು. ಬಂದವರ ಕಡೆ ನೋಡಿ ಇನ್ನಷ್ಟು ನಕ್ಕರು. "ಅದೆಲ್ಲ ಆಮೇಲೆ. ಹೊತ್ತು ಹೋಗ್ತಿದೆ, ಹೂ ಮುಟ್ಟು."

"ಮುಟ್ಟಲ್ಲ."

"ಏನಂದೆ?"

"ಮುಟ್ಟಲ್ಲ ಅಂದೆ. ನೀವೇ ಮುಟ್ಕೊಳ್ಳಿ."

ಮುಳ್ಳನ್ನು ನೆಲಕ್ಕೆ ಹಾಕಿದೆ. ನನ್ನ ಹಿಂದಿನ ಸಾಲಿನಲ್ಲಿ ಚಿಕ್ಕಮ್ಮನ ಸೊಸೆ ತನ್ನ ಮುಳ್ಳನ್ನು ಹಾಕಿದಳು. ಅವಳ ಹಿಂದಿನವಳೂ ಹಾಕಿದಳು. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಸಾಲಿನಿಂದ ಹೊರಗೆ ಬಂದು ನಿಂತರು. ತೋಟದ ತುಂಬಾ ಹೂವು ಅರಳಿ ಕೂತಿತ್ತು. ಯಜಮಾನರ ಬಾಯಿ ತೆರೆದೇ ಇತ್ತು.

ನಾನು ಮನೆಯ ಕಡೆ ನಡೆದೆ. ತೋರಿಸುವುದರಲ್ಲಿ ಇದೂ ಒಂದು ಅಂದುಕೊಂಡರೋ ಏನೋ, ಕ್ಯಾಮೆರಾದವರು ನನ್ನ ಹಿಂದೆಯೇ ಬಂದರು. ಅವರ ಹಿಂದೆ ತಪಾಸಣೆಯವರು, ಮೇಡಂ. ಅವರನ್ನು ತಡೆಯಲು ಯಜಮಾನರು ಓಡಿ ಬಂದರು, ಅವತ್ತು ಹೊಟ್ಟೆ ಹಿಂದೆ ಉಳಿಯಿತು. ಹಾರೆಯಿಂದ ಬೀಗ ಒಡೆದೆ. ಅದೇ ಹಾರೆ ಹಿಡಿದು ಬೋರ್ಡಿನ ಹತ್ತಿರ ಬಂದೆ. ಗುಂಡಿಯವರಿಗೆ ಕಂಬ ಕೀಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಿತ್ತು ಹೆಗಲ ಮೇಲೆ ಹೊತ್ತೆ. ಇಳಿಜಾರು ಹತ್ತಿದೆ. ಹೆಗಲು ಸುಲಿಯಿತು. ತುದಿಗೆ ಹೋಗಿ ಅಕ್ಕ ತೋಡಿಟ್ಟ ಗುಂಡಿಗೆ ಅದನ್ನು ಇಳಿಸಿದೆ. ಅಳತೆ ತಗೊಂಡು ಮಾಡಿದ ಹಾಗೆ ಕೂತಿತು.

ಬೇಲಿಯಾಚೆ ಡಬ್ಬ ಹೊತ್ತವರು ಇನ್ನೂ ಔಷಧಿ ಹೊಡೆಯುತ್ತಿದ್ದರು. ಹನಿ ತೇಲಿ ಬಂದು ಬೋರ್ಡಿನ ಮೇಲೆ ಕೂತಿತು, ನಮ್ಮೆಲ್ಲರ ಮೇಲೆ ಕೂತಿತು. ತಪಾಸಣೆಯವರಲ್ಲಿ ಒಬ್ಬ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಇಲ್ಲಿ ಯಾರಾದರೂ ವಾಸ ಇದ್ದಾರಾ ಅಂತ ಮೇಡಂ ಅವರನ್ನು ಕೇಳಿದ. ಮೇಡಂ ನನ್ನ ಕಡೆ ನೋಡಿದರು. ನಾನು ಮನೆಯ ಕಡೆ ಕೈ ತೋರಿಸಿದೆ. ಅಕ್ಕ ಹೊರಗೆ ಬಂದು ನಿಂತಿದ್ದಳು, ಎರಡೂ ಕೈ ಕಂಕುಳಲ್ಲಿ.

ಅವಳು ನಿಧಾನವಾಗಿ ಹತ್ತಿ ಬಂದಳು. ಬೋರ್ಡು ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಏನೋ ಬಂತು, ನಾನು ಅದಕ್ಕಾಗಿಯೇ ಕಾದಿದ್ದೆ. ಆಮೇಲೆ ಕೆಳಗೆ ನೋಡಿದಳು. ಓಣಿಯ ಹೆಂಗಸರೆಲ್ಲ ಕೈ ಕಟ್ಟಿಕೊಂಡು ನಿಂತಿದ್ದದ್ದು ಅಲ್ಲಿಗೆ ಕಾಣುತ್ತಿತ್ತು.

"ಇವತ್ತು ಹೂ ಕೂಡಿಸ್ಲಿಲ್ವಾ?"

"ಇಲ್ಲ ಅಕ್ಕ."

"ಯಾರೂ?"

"ಯಾರೂ ಇಲ್ಲ."

"ಹೂವು ಏನ್ ಮಾಡಿತ್ತೇ?" ಅಂದಳು.

ಅಲ್ಲಿದ್ದವರ ಯಾರ ಮಾತಿಗೂ ನಾನು ತಲೆ ತಗ್ಗಿಸಿರಲಿಲ್ಲ. ಆ ಮಾತಿಗೆ ತಗ್ಗಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಕಣ್ಣೊರೆಸಿಕೊಳ್ಳಲು ಕೈ ಹೊರಗೆ ತೆಗೆಯಬೇಕು. ತೆಗೆದಳು. ಎಲ್ಲರೂ ನೋಡಿದರು. ಕ್ಯಾಮೆರಾದವನು ಮಾತ್ರ ಕ್ಯಾಮೆರಾ ಕೆಳಗಿಳಿಸಿದ.

ಆ ವರ್ಷ ಸಂಘಕ್ಕೆ ಸರ್ಟಿಫಿಕೇಟ್ ಸಿಗಲಿಲ್ಲ. ಕೈ ಹಿಡಿದು ಮೇಲೆತ್ತಿದರೆ ಕೈಯನ್ನೇ ಕಚ್ಚಿದರು ಅಂತ ಯಜಮಾನರು ಸಭೆಯಲ್ಲಿ ಹೇಳಿ ನಮ್ಮನ್ನು ಸಂಘದಿಂದ ತೆಗೆಸಿದರಂತೆ. ಬೋರ್ಡನ್ನು ಕಿತ್ತು ಹಳೇ ಜಾಗದಲ್ಲೇ ನೆಟ್ಟು ಸಿಮೆಂಟು ಹಾಕಿದರು. ಮೇಡಂಗೆ ಬೇರೆ ಕಡೆ ಕೆಲಸವಾಯಿತು. ಹೋಗುವ ಮೊದಲು ಬಂದು ಅಕ್ಕನ ಮುಂದೆ ತುಂಬ ಹೊತ್ತು ಕೂತಿದ್ದರು. ನಾನು ಒಳಗಿನಿಂದ ಹೊರಗೆ ಬರಲಿಲ್ಲ. ಮುಂದಿನ ಸಲ ಹೂ ಕೂಡಿಸಲು ಬೇರೆ ಕಡೆಯಿಂದ ಜನ ತರಿಸುತ್ತೇವೆ ಅಂತ ಊರಿನವರು ಸಾರಿದರು. ನಮ್ಮ ಓಣಿಗೆ ಕೆಲಸವಿಲ್ಲ. ನಿನ್ನ ಸಿಟ್ಟಿಗೆ ನಮ್ಮ ಒಲೆ ಆರಿತು ಅಂತ ಚಿಕ್ಕಮ್ಮನೇ ಒಂದು ದಿನ ನನ್ನ ಮುಖಕ್ಕೆ ಹೇಳಿದಳು. ಸಂಜೆ ಅವಳೇ ಒಂದು ಬಟ್ಟಲು ಗಂಜಿ ತಂದು ಅಕ್ಕನಿಗೆ ಕುಡಿಸಿ ಹೋದಳು. ದೊಡ್ಡ ತೋಟದವರು ಈಗಲೂ ಬೆಳಗಿನ ಜಾವವೇ ಔಷಧಿ ಹೊಡೆಸುತ್ತಾರೆ.

ಮೇಲಿನ ಗುಂಡಿ ಖಾಲಿ ಬಿದ್ದಿತ್ತು. ಯಾರಾದರೂ ಕಾಲು ಮುರಿದುಕೊಳ್ಳುತ್ತಾರೆ, ಮುಚ್ಚುತ್ತೇನೆ ಅಂದೆ. ಇರ್ಲಿ ಬಿಡು ಅಂದಳು ಅಕ್ಕ.

ಅವಳ ಕೈಯಿಂದ ಕೂಡಿದ ಹೂವುಗಳು ಕಾಯಿಯಾದವು. ಜಾಸ್ತಿಯಿಲ್ಲ, ಒಂದು ಬುಟ್ಟಿಯ ತಳ ಮುಚ್ಚುವಷ್ಟು. ಗುರುತು ಒತ್ತುವ ಕಾಲ ಬಂದಾಗ ಅಕ್ಕ ಅಕ್ಕಿ ಡಬ್ಬಿಗೆ ಕೈ ಹಾಕಿದಳು. ಡಬ್ಬಿಯೇ ಅಲುಗಾಡಿ ಸದ್ದು ಮಾಡಿತು. ಬಿರಡೆ ತೆಗೆದು ಬಳ್ಳಿಯ ಹತ್ತಿರ ಹೋದಳು. ಸಂಘದಲ್ಲಿ ನಾವಿಲ್ಲ, ಈ ಗುರುತನ್ನು ಯಾರೂ ತಗೊಳ್ಳಲ್ಲ ಅಂತ ನಾನು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

"ಕೊಡು ಅಕ್ಕ, ನಾನು ಒತ್ತಿ ಕೊಡ್ತೀನಿ."

"ನೀನು ಒತ್ತಿದ್ರೆ ಅದು ನಂದು ಹೇಗಾಗುತ್ತೆ? ನೀನು ಕಾಯಿ ಹಿಡ್ಕೋ, ಸಾಕು."

ಹಿಡಿದೆ. ಅವಳು ಒತ್ತಿದಳು. ಕೈ ನಿಲ್ಲಲಿಲ್ಲ. ಐದು ಚುಕ್ಕೆ ಬೀಳಬೇಕಾದಲ್ಲಿ ಸೂಜಿ ಜಾರಿ, ಮತ್ತೆ ಚುಚ್ಚಿ, ಮತ್ತೆ ಜಾರಿ, ಕಾಯಿಯ ಮೈ ತುಂಬ ಗೀರು, ಚುಕ್ಕೆ. ರಸ ಒಸರಿ ನನ್ನ ಬೆರಳು ಉರಿಯಿತು. 'ಸಾಕು ಅಕ್ಕ' ಅನ್ನುವುದು ಬಾಯಿವರೆಗೆ ಬಂತು. ಅವಳು ಕಾಯಿಯನ್ನು ತಿರುಗಿಸಿ ನೋಡಿದಳು. ಆಯ್ತು, ಆಯ್ತು ಅಂದಳು. ಇನ್ನೊಂದಕ್ಕೆ ಹೋದಳು. ಎಲ್ಲ ಮುಗಿಯುವವರೆಗೆ ನಾನು ಹಿಡಿದೇ ನಿಂತೆ. ಯಾವ ಎರಡು ಕಾಯಿಯ ಗುರುತೂ ಒಂದೇ ಥರ ಇರಲಿಲ್ಲ.

ಕಾಯಿ ಬಲಿತ ಮೇಲೆ ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋದೆ. ಸಂಘದವರದಲ್ಲದ ಕಾಯಿ ಕೊಳ್ಳುವ ವ್ಯಾಪಾರಿ ಒಬ್ಬನಿದ್ದಾನೆ. ಅವನು ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದು ಎತ್ತಿದ. ಪಕ್ಕದವನಿಗೂ ತೋರಿಸಿದ.

"ಇದೇನಮ್ಮ, ಕಾಯಿ ತುಂಬಾ ಹುಳ ಕೊರ್ದಿದೆ?"

"ಹುಳ ಅಲ್ಲ."

"ಮತ್ತೇನಿದು?"

"ನಮ್ಮಕ್ಕನ ಕೈ."

ಅವನಿಗೆ ಅರ್ಥವಾಗಲಿಲ್ಲ. ಕಾಯಿಗಳನ್ನು ಮೂಲೆಯ ಹಾಳುಕಾಯಿಯ ರಾಶಿಗೆ ಸುರಿದ, ಬೇಕಿದ್ದರೆ ಆ ಲೆಕ್ಕದಲ್ಲಿ ಏನಾದರೂ ಕೊಡುತ್ತೇನೆ ಅಂದ. ನಾನು ಮಂಡಿಯೂರಿದೆ. ಆ ರಾಶಿಯಿಂದ ಅಕ್ಕನ ಕಾಯಿಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿಕೊಂಡೆ. ತಪ್ಪುವ ಭಯವೇ ಇರಲಿಲ್ಲ, ಗುರುತು ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಜನ ನನ್ನ ಸುತ್ತ ದಾಟಿಕೊಂಡು ಹೋಗುತ್ತಿದ್ದರು. ಎಲ್ಲವನ್ನೂ ಆರಿಸಿದ ಮೇಲೆ ಎದ್ದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ಕೂತಿದ್ದಳು. ಬುಟ್ಟಿಯಲ್ಲಿ ಕಾಯಿ ಹಾಗೇ ಇದ್ದದ್ದನ್ನು ನೋಡಿದಳು. ಮಾರಿದೆಯಾ ಅಂತ ಕೇಳಲಿಲ್ಲ.

"ಗುರುತು ನೋಡಿದ್ರಾ?" ಅಂದಳು.

"ನೋಡಿದ್ರು ಅಕ್ಕ" ಅಂದೆ.